ಒಂದೇ ಕ್ಲಾಸ್‌ನಲ್ಲಿದ್ದರೂ ‘ಸೆಲ್ಫ್’ ಏಕೆ?

ಪ್ರಶ್ನೆ: ಪೈಥಾನ್ ಕಲಿಯುತ್ತಿದ್ದೇನೆ. ಆಟೊ ಬಾಡಿಗೆ ಲೆಕ್ಕ ಹಾಕಲು ‘ಆಟೊ’ ಎಂಬ ಕ್ಲಾಸ್ ಬರೆದೆ. ಅದರಲ್ಲಿ ‘ದರ’, ‘ರಾತ್ರಿದರ’ ಎಂಬ ಎರಡು ಮೆಥಡ್‌ಗಳಿವೆ. ರಾತ್ರಿದರದ ಒಳಗಿಂದ ದರವನ್ನು ಕರೆದರೆ ‘ನೇಮ್ ಎರರ್’ ಬರುತ್ತದೆ. ಪಕ್ಕದಲ್ಲೇ ಇರುವ ಮೆಥಡ್ ಅದಕ್ಕೆ ಕಾಣಿಸದೇ?
— ಓದುಗರು, ಸುಬ್ರಹ್ಮಣ್ಯಪುರ, ಬೆಂಗಳೂರು

ಉತ್ತರ: ಹೌದು, ಕಾಣಿಸದು. ಮೆಥಡ್ ಒಳಗೆ ಬರಿಯ ಹೆಸರೊಂದು ಸಿಕ್ಕರೆ ಪೈಥಾನ್ ಅದನ್ನು ಮೊದಲು ಆ ಮೆಥಡ್‌ನಲ್ಲಿ, ಬಳಿಕ ಅದನ್ನು ಸುತ್ತುವರಿದ ಫಂಕ್ಷನ್ ಇದ್ದರೆ ಅಲ್ಲಿ, ಆಮೇಲೆ ಫೈಲಿನ ಹೊರಮಟ್ಟದಲ್ಲಿ, ಕೊನೆಗೆ ತನ್ನಲ್ಲೇ ಅಡಕವಾಗಿರುವ ಹೆಸರುಗಳಲ್ಲಿ ಹುಡುಕುತ್ತದೆ. ಈ ದಾರಿಯಲ್ಲಿ ಕ್ಲಾಸ್ ಬರುವುದೇ ಇಲ್ಲ. ಜಾವಾದಲ್ಲಿ ಬರಿಯ ಹೆಸರು ಸಾಕಾಗುತ್ತದೆ. ಅಲ್ಲಿಂದ ಬಂದವರು ಎಡವುವುದು ಇಲ್ಲೇ.

ರಾತ್ರಿದರದ ಒಳಗೆ ಹೀಗೆ ಬರೆಯಿರಿ:

ಸೆಲ್ಫ್.ದರ(ಕಿಮೀ) * 1.5

(2008ರ ಪೈಥಾನ್ 3.0ರಿಂದ ಇಂಥ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು.)

ಸೆಲ್ಫ್ ಎಂದರೆ ಈಗ ಕೆಲಸ ಮಾಡುತ್ತಿರುವ ಆಬ್ಜೆಕ್ಟ್. ಚುಕ್ಕಿ ಇಟ್ಟೊಡನೆ ಪೈಥಾನ್ ಮೊದಲು ಆ ಆಬ್ಜೆಕ್ಟಿನಲ್ಲಿ, ಬಳಿಕ ಅದರ ಕ್ಲಾಸ್‌ನಲ್ಲಿ, ಆಮೇಲೆ ಮೂಲ ಕ್ಲಾಸ್‌ಗಳಲ್ಲಿ ‘ದರ’ವನ್ನು ಹುಡುಕುತ್ತದೆ. ಸಿಕ್ಕ ಮೇಲೆ ಆಬ್ಜೆಕ್ಟನ್ನು ತಾನೇ ಮೊದಲ ಆರ್ಗ್ಯುಮೆಂಟ್ ಆಗಿ ಸೇರಿಸಿ, ಆಟೊ.ದರ(ಸೆಲ್ಫ್, ಕಿಮೀ) ಎಂದು ಬರೆದಂತೆಯೇ ಓಡಿಸುತ್ತದೆ. ಆದ್ದರಿಂದ ಮೆಥಡ್ ಬರೆಯುವಾಗ ಆವರಣದಲ್ಲಿ ಸೆಲ್ಫ್ ಇರಲೇಬೇಕು. ಚುಕ್ಕಿಯಿಂದ ಕರೆಯುವಾಗ ಆವರಣದೊಳಗೆ ಅದನ್ನು ಮತ್ತೆ ಹಾಕಬಾರದು. ಎರಡರಲ್ಲಿ ಯಾವುದು ತಪ್ಪಿದರೂ ‘ಟೈಪ್ ಎರರ್’ ಖಚಿತ.

ದರದ ಸೂತ್ರವನ್ನು ರಾತ್ರಿದರದಲ್ಲೂ ನಕಲು ಮಾಡಿದರೆ ಆಗದೇ ಎನ್ನಬಹುದು. ನಿಮ್ಮ ಲೆಕ್ಕವೇ ಉತ್ತರ ಕೊಡುತ್ತದೆ. ಬೆಂಗಳೂರಿನಲ್ಲಿ 2021ರ ಡಿಸೆಂಬರ್‌ನಿಂದ ಮೊದಲ 2 ಕಿ.ಮೀ.ಗೆ 30 ರೂಪಾಯಿ, ನಂತರದ ಪ್ರತಿ ಕಿ.ಮೀ.ಗೆ 15 ರೂಪಾಯಿ ಇತ್ತು. 2025ರ ಆಗಸ್ಟ್ 1ರಿಂದ ಅದು 36 ಮತ್ತು 18 ಆಯಿತು. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ಸುಬ್ರಹ್ಮಣ್ಯಪುರದಿಂದ 5 ಕಿ.ಮೀ. ಹೋದರೆ ಹಗಲಿಗೆ 75 ಇದ್ದದ್ದು ಈಗ 90 ರೂಪಾಯಿ, ರಾತ್ರಿಗೆ 135. ಸೆಲ್ಫ್ ಮೂಲಕ ಕರೆದಿದ್ದರೆ ದರ ಮೆಥಡ್‌ನ ಎರಡು ಅಂಕಿ ಬದಲಿಸಿದರೆ ಸಾಕು, ರಾತ್ರಿಯ ಲೆಕ್ಕವೂ ತಾನಾಗಿ ಸರಿಹೋಗುತ್ತದೆ. ನಕಲು ಮಾಡಿದ್ದರೆ ಹಗಲು ಹೊಸ ದರ, ರಾತ್ರಿ ಹಳೆಯ ದರ ಆದೀತು. ಅಂಥ ತಪ್ಪಿಗೆ ಪೈಥಾನ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಇನ್ನೂ ದೊಡ್ಡ ಲಾಭ ಇನ್ಹೆರಿಟೆನ್ಸ್‌ನಲ್ಲಿದೆ. ಬೇರೊಂದು ಊರಿಗಾಗಿ ‘ಆಟೊ’ದಿಂದ ಹೊಸ ಕ್ಲಾಸ್ ಮಾಡಿ ‘ದರ’ವನ್ನಷ್ಟೇ ತಿರುಗಿ ಬರೆಯಿರಿ. ಮೂಲ ಕ್ಲಾಸ್‌ನ ರಾತ್ರಿದರ ಹೊಸ ದರವನ್ನೇ ಬಳಸುತ್ತದೆ, ಏಕೆಂದರೆ ಸೆಲ್ಫ್ ಆ ಊರಿನ ಆಬ್ಜೆಕ್ಟ್. ರಾತ್ರಿದರದಲ್ಲಿ ಆಟೊ.ದರ(ಸೆಲ್ಫ್, ಕಿಮೀ) ಎಂದು ಬರೆದಿದ್ದರೆ ಅಲ್ಲಿಯೂ ಬೆಂಗಳೂರಿನ ದರವೇ ಬೀಳುತ್ತಿತ್ತು.

ಇನ್ನೊಂದು ಮಾತು: ದರ ಮೆಥಡ್ ಮೊತ್ತವನ್ನು ‘ಪ್ರಿಂಟ್’ ಮಾಡಿದರೆ ಸಾಲದು, ‘ರಿಟರ್ನ್’ ಮಾಡಬೇಕು. ಇಲ್ಲದಿದ್ದರೆ ರಾತ್ರಿದರದ ಕೈಗೆ ‘ನನ್’ ಸಿಗುತ್ತದೆ, ಅದನ್ನು 1.5ರಿಂದ ಗುಣಿಸಲು ಬರುವುದಿಲ್ಲ. ಸೆಲ್ಫ್ ಸೇರಿಸಿದ ಮೇಲೂ ಎರರ್ ಉಳಿದರೆ ಮೊದಲು ಅದನ್ನೇ ನೋಡಿ.