ಶಾಯಿ ಪೆನ್ಸಿಲಿನಲ್ಲಿ ಅಜ್ಜಿಯ ಚಿತ್ರ

ಮಕ್ಕಳೇ, ಬಣ್ಣದ ಪೆನ್ಸಿಲುಗಳಲ್ಲಿ ಮೂರು ಬಗೆ ಇವೆ. ಮೇಣ ಸೇರಿದ ಸಾಮಾನ್ಯ ಪೆನ್ಸಿಲ್ ನೀರಿಗೆ ಕರಗುವುದಿಲ್ಲ. ಜಲವರ್ಣ ಪೆನ್ಸಿಲ್ ಕರಗುತ್ತದೆ, ಒಣಗಿದ ಮೇಲೆ ನೀರು ತಾಗಿದರೆ ಮತ್ತೂ ಕರಗುತ್ತದೆ. ಶಾಯಿ ಪೆನ್ಸಿಲ್ ಮಾತ್ರ ಒಂದೇ ಸಲ ಕರಗುವಂಥದ್ದು. ಚೆನ್ನಾಗಿ ಕರಗಿ ಒಣಗಿತು ಅಂದರೆ ಮತ್ತೆ ಏಳುವುದಿಲ್ಲ. ಡಬ್ಬ ದುಬಾರಿಯೇ. ಆದರೆ ಹಳದಿ ಮಣ್ಣಿನ ಬಣ್ಣ, ಕಂದು, ಕೆಂಪು, ಕಡುನೀಲಿ ಈ 4 ಬಿಡಿ ಪೆನ್ಸಿಲುಗಳು ಇದ್ದರೆ ಇವತ್ತಿನ ಪಾಠಕ್ಕೆ ಸಾಕು.

ಮೊದಲು ಒಂದು ಪ್ರಯೋಗ

ದಪ್ಪ ಕಾಗದದಲ್ಲಿ ಜಲವರ್ಣ ಪೆನ್ಸಿಲಿನಿಂದ ಒಂದು ಪಟ್ಟಿ, ಶಾಯಿ ಪೆನ್ಸಿಲಿನಿಂದ ಇನ್ನೊಂದು ಪಟ್ಟಿ ಬಳಿಯಿರಿ. ಎರಡರ ಮೇಲೂ ಒದ್ದೆ ಕುಂಚ ಎಳೆಯಿರಿ. ಒಂದು ದಿನ ಬಿಟ್ಟು ಮತ್ತೆ ಎಳೆಯಿರಿ. ಒಂದು ಹರಡುತ್ತದೆ, ಇನ್ನೊಂದು ಕದಲುವುದಿಲ್ಲ. ಏಕೆ? ಪೆನ್ಸಿಲಿನ ಕಡ್ಡಿಯಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡಲು ಅಂಟು ಇರುತ್ತದೆ. ಜಲವರ್ಣದ ಅಂಟು ಎಷ್ಟು ಸಲ ಬೇಕಾದರೂ ನೀರಿಗೆ ಬಿಟ್ಟುಕೊಡುತ್ತದೆ. ಶಾಯಿ ಪೆನ್ಸಿಲಿನದು ಒಮ್ಮೆ ಒಣಗಿದ ಮೇಲೆ ಬಣ್ಣವನ್ನು ಕಾಗದದ ನಾರಿಗೆ ಕಚ್ಚಿಸಿಬಿಡುತ್ತದೆ. ಅಂದರೆ ತಪ್ಪನ್ನು ತಿದ್ದುವ ಅವಕಾಶ ಕಡಿಮೆ. ಅದಕ್ಕೇ ಮೊದಲು ಅಳತೆ, ಆಮೇಲೆ ನೀರು.

ಚಿತ್ರ ಬಿಡಿಸುವ ಕ್ರಮ

1. ಜಗಲಿಯಲ್ಲಿ, ಒಂದೇ ಕಡೆಯಿಂದ ಬೆಳಕು ಬೀಳುವ ಹಾಗೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ. 15 ನಿಮಿಷಕ್ಕೊಮ್ಮೆ ಅವರಿಗೆ ವಿಶ್ರಾಂತಿ ಕೊಡಿ, ಕಾಲು ಜೋಮು ಹಿಡಿಯುತ್ತದೆ.

2. ಕೈಯನ್ನು ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಲ್ಲಿ ಅಜ್ಜಿಯ ತಲೆಯ ಉದ್ದ ಅಳೆಯಿರಿ. ಮೊಣಕೈ ಮಡಚಬೇಡಿ. ಕಣ್ಣಿಗೂ ಪೆನ್ಸಿಲಿಗೂ ಇರುವ ದೂರ ಬದಲಾದರೆ ಅಳತೆಯೂ ಬದಲಾಗುತ್ತದೆ. ಗಣಿತದಲ್ಲಿ ಕಲಿತ ಸಮರೂಪ ತ್ರಿಭುಜ ಇದೇ!

3. ನಿಂತ ವಯಸ್ಕರ ಎತ್ತರ ಸುಮಾರು 7½ ತಲೆ. ಕುರ್ಚಿಯಲ್ಲಿ ಕೂತಾಗ ತೊಡೆ ಮುಂದಕ್ಕೆ ಚಾಚುವುದರಿಂದ ಅದು 6 ತಲೆಯ ಹತ್ತಿರ ಬರುತ್ತದೆ. ಬೆನ್ನು ಬಾಗಿದ ಅಜ್ಜಿಯಾದರೆ ಇನ್ನೂ ಕಡಿಮೆ. ಹಾಗಾಗಿ ಲೆಕ್ಕ ಬಾಯಿಪಾಠ ಮಾಡಬೇಡಿ, ಅಳೆದು ನೋಡಿ. ಕಣ್ಣು ಹಣೆಯ ಹತ್ತಿರ ಅಲ್ಲ, ತಲೆಯ ನಡುಮಟ್ಟದಲ್ಲಿರುತ್ತದೆ.

4. ಸೀಸದ ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಹಾಕಿ. ಬೇಡದ ಗೆರೆಯನ್ನು ಈಗಲೇ ಅಳಿಸಿ. ಮೇಲೆ ಬಣ್ಣ ಬಂದರೆ ಅಳಿಸುವುದು ಕಷ್ಟ.

5. ಮೈಬಣ್ಣಕ್ಕೆ ಹಳದಿ ಮಣ್ಣಿನ ಬಣ್ಣ, ಕಂದು, ಸ್ವಲ್ಪ ಕೆಂಪು ಉಜ್ಜಿ, ಕುಂಚದಿಂದ ತೆಳ್ಳಗೆ ನೀರು ಹಾಯಿಸಿ. ಬೆಳಕು ಹೊಳೆಯುವ ಕಡೆ ಕಾಗದವನ್ನು ಹಾಗೇ ಬಿಡಿ.

6. ಪೂರ್ತಿ ಒಣಗಲಿ. ಮುಂಗೈಯ ಹಿಂಬದಿಯನ್ನು ಕಾಗದಕ್ಕೆ ತಾಗಿಸಿ ನೋಡಿ: ತಣ್ಣಗಿದ್ದರೆ ನೀರು ಇನ್ನೂ ಆವಿಯಾಗುತ್ತಾ ಶಾಖ ಹೀರುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಹೆಚ್ಚು ಹೊತ್ತು ಕಾಯಬೇಕು.

7. ಈಗ ನೆರಳು. ಕತ್ತಿನ ಕೆಳಗೆ, ಸೆರಗಿನ ಮಡಿಕೆಗಳಲ್ಲಿ ಕಪ್ಪು ಬಳಿಯಬೇಡಿ. ಕಂದಿನ ಮೇಲೆ ಕಡುನೀಲಿ ಹಾಕಿ. ಕೆಳಗಿನ ಪದರ ಗಟ್ಟಿಯಾಗಿ ಕೂತಿರುವುದರಿಂದ ಬಣ್ಣ ಕದಡುವುದಿಲ್ಲ, ಬಣ್ಣದ ಗಾಜಿನ ಮೇಲೆ ಗಾಜು ಇಟ್ಟ ಹಾಗೆ ಕಾಣುತ್ತದೆ.

ನೋಟ್‌ಬುಕ್ ಹಾಳೆ ಬೇಡ. ಕಾಗದದ ನಾರು ನೀರು ಕುಡಿದು ಉಬ್ಬುತ್ತದೆ, ಹಾಳೆ ಸುಕ್ಕಾಗುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದವಾದರೆ ಒಳ್ಳೆಯದು.

ಎಚ್ಚರ: ಪೆನ್ಸಿಲಿನ ತುದಿಯನ್ನು ನಾಲಗೆಗೆ ತಾಗಿಸಬೇಡಿ. 1870ರ ದಶಕದಲ್ಲಿ ಬಂದ ಕಾಪಿಯಿಂಗ್ ಪೆನ್ಸಿಲಿನಲ್ಲಿ ಅನಿಲೀನ್ ಬಣ್ಣ ಇತ್ತು. ಗುಮಾಸ್ತರು ಅದನ್ನು ನೆಕ್ಕಿ ಬರೆದು ನಾಲಗೆ ನೇರಳೆ ಮಾಡಿಕೊಳ್ಳುತ್ತಿದ್ದರು. ಆ ಬಣ್ಣ ವಿಷಕಾರಿ, ಕಣ್ಣಿಗೆ ಬಿದ್ದರೆ ಅಪಾಯ.

ಯೋಚಿಸಿ

1. ಅರೆಬರೆ ಒಣಗಿದ ಪದರದ ಮೇಲೆ ಎರಡನೇ ಬಣ್ಣ ಹಾಕಿದರೆ ಏನಾಗುತ್ತದೆ? ಮಾಡಿ ನೋಡಿ.
2. ನಿಮ್ಮ ಎತ್ತರ ಎಷ್ಟು ತಲೆ? ಮನೆಯ ಪುಟ್ಟ ಮಗುವಿನದು ಎಷ್ಟು? ವ್ಯತ್ಯಾಸ ಏಕೆ?

ಚಿತ್ರ ಮುಗಿದ ಮೇಲೆ ಅಜ್ಜಿಗೆ ತೋರಿಸಲು ಮರೆಯಬೇಡಿ. ಅಷ್ಟು ಹೊತ್ತು ಅಲುಗಾಡದೆ ಕೂತವರು ಅವರು ತಾನೇ!