ತಾಮ್ರದ ತಂತಿಗೆ ದೂರವೇ ವೈರಿ

ಮಳಖೇಡ, ಸೇಡಂ ಕಡೆ ಹಳೆಯ ಲ್ಯಾಂಡ್‌ಲೈನಿನಲ್ಲೇ ಇಂಟರ್ನೆಟ್ ಇಟ್ಟುಕೊಂಡವರು ದೊಡ್ಡ ಪ್ಲಾನ್ ಹಾಕಿಸುವ ಮೊದಲು ಎಕ್ಸ್‌ಚೇಂಜ್ ಎಷ್ಟು ದೂರ ಎಂದು ವಿಚಾರಿಸಿ. ಬಿಎಸ್‌ಎನ್‌ಎಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ತಂದದ್ದು ಮಾತಿಗೆಂದು ಎಳೆದಿದ್ದ ಜೋಡಿ ತಂತಿಯ ಮೇಲೆಯೇ. ಮಾತು 4 ಕಿಲೋಹರ್ಟ್ಸ್‌ನೊಳಗೆ ಮುಗಿಯುತ್ತದೆ; ಇಂಟರ್ನೆಟ್ ಹರಿಯುವುದು ಅದರ ಮೇಲಿನ ಆವರ್ತನಗಳಲ್ಲಿ. ಆವರ್ತನ ಏರಿದಷ್ಟೂ ಸಂಕೇತ ದಾರಿಯಲ್ಲೇ ಸೊರಗುತ್ತದೆ. ಹಾಗಾಗಿ ಈ ತಂತಿಯ ಮೇಲೆ ಓಡುವ ಎಡಿಎಸ್‌ಎಲ್2 ಪ್ಲಸ್ ತಂತ್ರಜ್ಞಾನದ 24 ಎಂಬಿಪಿಎಸ್ ಎಕ್ಸ್‌ಚೇಂಜಿನ ಪಕ್ಕದ ಮನೆಯವರ ಭಾಗ್ಯ. 5 ಕಿಲೋಮೀಟರ್ ಆಚೆ ಒಂದೆರಡು ಸಿಕ್ಕರೆ ಹೆಚ್ಚು. ಅದೇ ತಂತಿಯ ಮೇಲೆ ಇನ್ನೊಂದು ತಂತ್ರಜ್ಞಾನ ವಿಡಿಎಸ್‌ಎಲ್2 ನೂರು ಕೊಡುತ್ತದಲ್ಲ ಎನ್ನಬಹುದು. ಕೊಡುತ್ತದೆ, ಕೆಲವು ನೂರು ಮೀಟರಿನೊಳಗೆ. ಹಾಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲವೇ? ಇದೆ. ಗೋಡೆಯ ಡಬ್ಬಿ ಬಿಚ್ಚಿ, ಹಸಿರುಗಟ್ಟಿದ ಜಾಯಿಂಟ್ ಕತ್ತರಿಸಿ ಹೊಸದಾಗಿ ಹಾಕಿಸಿ. ಮಾತನ್ನೂ ಇಂಟರ್ನೆಟ್ಟನ್ನೂ ಬೇರ್ಪಡಿಸುವ ಸ್ಪ್ಲಿಟರ್ ಇಲ್ಲದೆ ಫೋನ್ ಸಿಕ್ಕಿಸಬೇಡಿ. ಮೋಡೆಮ್ ತೋರಿಸುವ ಅಟೆನ್ಯುಯೇಶನ್, ಅಂದರೆ ಸಂಕೇತ ದಾರಿಯಲ್ಲಿ ಸೊರಗಿದ ಪ್ರಮಾಣ, 60 ಡೆಸಿಬೆಲ್ ದಾಟಿದ್ದರೆ ಪ್ಲಾನಿಗೆ ದುಡ್ಡು ಸುರಿಯದೆ ಫೈಬರ್ ಕೇಳಿ.