ಪರದೇಶದಲ್ಲಿ ಭೇದಿ: ಮಾತ್ರೆಗೆ ಮುನ್ನ ನೀರು

ಪ್ರಶ್ನೆ: ಬ್ಯಾಂಕಾಕ್ ಪ್ರವಾಸದಲ್ಲಿರುವ ಓದುಗರೊಬ್ಬರಿಗೆ ನಿನ್ನೆಯಿಂದ ತೀವ್ರ ಭೇದಿ, ಹೊಟ್ಟೆನುಲಿತ, ಊರಿನಿಂದ ಒಯ್ದ ಸಿಪ್ರೊಫ್ಲಾಕ್ಸಸಿನ್ ನುಂಗಬಹುದೇ?

ಉತ್ತರ: ನಿಮಗೆ ತಕ್ಷಣ ಬೇಕಾದುದು ನಿರ್ಜಲೀಕರಣವನ್ನು, ಅಂದರೆ ದೇಹದ ನೀರು ಮತ್ತು ಲವಣಗಳ ನಷ್ಟವನ್ನು ತುಂಬಿಕೊಡುವ ಓಆರ್‌ಎಸ್ ದ್ರಾವಣ; ಅದು ಸಿಗದಿದ್ದರೆ 1 ಲೀಟರ್ ಬಾಟಲಿ ನೀರಿಗೆ 6 ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ, ವಾಂತಿಯಿದ್ದರೂ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಎಳನೀರು ಹಿತವೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ.

ಸಿಪ್ರೊಫ್ಲಾಕ್ಸಸಿನ್ ಬೇಡ. ಥಾಯ್ಲೆಂಡಿನಲ್ಲಿ ಪ್ರವಾಸಿಗರ ಭೇದಿಗೆ ಮುಖ್ಯ ಕಾರಣಗಳಲ್ಲೊಂದಾದ ಕ್ಯಾಂಪಿಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಹುಮಟ್ಟಿಗೆ ಪ್ರತಿರೋಧ ಬೆಳೆಸಿಕೊಂಡಿರುವುದರಿಂದ, ಪ್ರತಿಜೀವಕ ಬೇಕೇಬೇಕಾದಾಗ ವೈದ್ಯರು ಸಾಮಾನ್ಯವಾಗಿ ಅಜಿತ್ರೊಮೈಸಿನ್ ಆರಿಸುತ್ತಾರೆ. ಹೃದಯದ ಬಡಿತದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಅದನ್ನು ನುಂಗಬಾರದು. ಕರುಳಿನ ಚಲನೆಯನ್ನು ನಿಧಾನಗೊಳಿಸುವ ಲೋಪೆರಮೈಡ್ ವಿಮಾನ ಹತ್ತುವಂಥ ಅನಿವಾರ್ಯ ಹೊತ್ತಿಗೆ ಒದಗುತ್ತದೆಯಾದರೂ ಜ್ವರವೋ ಮಲದಲ್ಲಿ ರಕ್ತವೋ ಇದ್ದರೆ ಅದು ವರ್ಜ್ಯ.

ರಕ್ತಭೇದಿ, 38.5 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಕುಡಿದದ್ದೆಲ್ಲ ವಾಂತಿಯಾಗುವುದು, ಎಂಟು ಗಂಟೆ ಮೂತ್ರವಾಗದಿರುವುದು, ನಿಂತಾಗ ತಲೆಸುತ್ತು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿನ ತುರ್ತು ವೈದ್ಯಕೀಯ ಸಂಖ್ಯೆ 1669. ದಾಖಲಾಗುವ ಮುನ್ನ ಪ್ರವಾಸ ವಿಮೆಯ ಸಹಾಯವಾಣಿಗೆ ತಿಳಿಸುವುದು ಒಳಿತು, ಏಕೆಂದರೆ ಖಾಸಗಿ ಆಸ್ಪತ್ರೆಗಳ ಬಿಲ್ಲು ದುಬಾರಿ.